ನೀಲಿ ಡಬ್ಬಿಯ ಮಾತ್ರೆ

ಸುರತ್ಕಲ್‌ನ ಆ ಓಣಿಯಲ್ಲಿ ಯಾರಿಗೆ ಮೈ ಬಿಸಿಯಾದರೂ ಮೊದಲು ತಟ್ಟುತ್ತಿದ್ದದ್ದು ಖತೀಜಮ್ಮನ ಮನೆಯ ಬಾಗಿಲನ್ನು. ಕ್ಲಿನಿಕ್ಕು ಹೆದ್ದಾರಿಯ ಆಚೆ ಬದಿಗಿತ್ತು. ಅಲ್ಲಿ ಟೋಕನ್ ತೆಗೆದುಕೊಂಡು ಕಾಯಬೇಕು, ರಕ್ತ ಕೊಡಬೇಕು, ನಾಳೆ ಬನ್ನಿ ಎನ್ನಿಸಿಕೊಳ್ಳಬೇಕು. ಖತೀಜಮ್ಮನ ಅಡುಗೆಮನೆಯಲ್ಲಿ ಈ ರಗಳೆ ಒಂದೂ ಇರಲಿಲ್ಲ. ಕಪಾಟಿನ ಮೇಲಿನಿಂದ ಬಿಸ್ಕತ್ತಿನ ನೀಲಿ ಡಬ್ಬಿ ಇಳಿಯುತ್ತಿತ್ತು, ಎರಡು ಮಾತ್ರೆ ಕೈಗೆ ಬೀಳುತ್ತಿತ್ತು, ಜೊತೆಗೆ ಒಂದು ಲೋಟ ಕರಿ ಚಹಾ ಮತ್ತು ನಾಲ್ಕು ಸಮಾಧಾನದ ಮಾತು. ಎರಡು ದಿನದಲ್ಲಿ ಜ್ವರ ಬಿಡುತ್ತಿತ್ತು. ಮಾತ್ರೆಯಿಂದ ಬಿಟ್ಟಿತೋ, ಚಹಾದಿಂದ ಬಿಟ್ಟಿತೋ, ಅಥವಾ ತಾನಾಗಿಯೇ ಬಿಡುವ ಜ್ವರವೇ ಆಗಿತ್ತೋ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. "ಖತೀಜಕ್ಕನ ಕೈಗುಣ ಮಾರಾಯ್ತಿ" ಎಂದು ಪಕ್ಕದ ಮನೆಯ ಬಾಗಿ ಊರಿಡೀ ಹೇಳಿಕೊಂಡು ಬಂದಿದ್ದಳು.

ಡಬ್ಬಿಯ ಸರಕು ಬರುತ್ತಿದ್ದದ್ದು ದಮ್ಮಾಮಿನಿಂದ. ಮಗಳು ಶೈಮಾ ಗಂಡನ ಜೊತೆ ಅಲ್ಲಿದ್ದು ಹನ್ನೆರಡು ವರ್ಷವಾಯಿತು. ರಜೆಯಲ್ಲಿ ಊರಿಗೆ ಹೊರಟವರು ಯಾರೇ ಇರಲಿ, ಅವರ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಉಮ್ಮನಿಗೆಂದು ಖರ್ಜೂರ, ಹಾಲಿನ ಪುಡಿ, ತಲೆನೋವಿನ ತೈಲ, ಮತ್ತೆ ಬಣ್ಣಬಣ್ಣದ ಮಾತ್ರೆಯ ಹಾಳೆಗಳು. ಅದೇ ಮಾತ್ರೆ ಹೆದ್ದಾರಿಯ ಆಚೆಯ ಮೆಡಿಕಲಿನಲ್ಲೂ ಸಿಗುತ್ತದೆ ಎಂದರೆ ಓಣಿ ನಂಬುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ಸಮುದ್ರ ದಾಟಿ ಬಂದದ್ದಕ್ಕೆ ಶಕ್ತಿ ಜಾಸ್ತಿ.

ಖತೀಜಮ್ಮನಿಗೆ ಇಂಗ್ಲಿಷ್ ಓದಲು ಬಾರದು. ಗುಲಾಬಿ ಮಾತ್ರೆ ಜ್ವರ ಮತ್ತು ಬಾವಿಗೆ, ನಡುವೆ ಗೆರೆ ಇದ್ದ ಬಿಳಿಯದು ಗಂಟಲಿಗೆ ಮತ್ತು ಕೀವಿಗೆ, ಹಳದಿಯದು ಹೊಟ್ಟೆಗೆ. ಯಾರಿಗೆ ಯಾವಾಗ ಯಾವ ಬಣ್ಣದ್ದು ಎಷ್ಟು ಕೊಟ್ಟದ್ದು ಎಂಬುದು ಅವರ ತಲೆಯಲ್ಲಿ ಅಚ್ಚೊತ್ತಿದಂತೆ ಇರುತ್ತಿತ್ತು. ಅವರದ್ದೊಂದು ನಿಯಮವೂ ಇತ್ತು. ಜ್ವರ ಬಿಟ್ಟ ಕೂಡಲೇ ಮಾತ್ರೆ ನಿಲ್ಲಿಸಬೇಕು, ಮಿಕ್ಕಿದ್ದು ಡಬ್ಬಿಗೆ ಮರಳಬೇಕು, ಇನ್ನೊಬ್ಬರ ಜ್ವರಕ್ಕೆ ಆಗಬೇಕು. ಅನ್ನ ಚೆಲ್ಲಬಾರದು, ಮದ್ದನ್ನೂ ಚೆಲ್ಲಬಾರದು. ಕೇಳಿದರೆ ಎಷ್ಟು ಚೆಂದದ ನಿಯಮ! ಅದರೊಳಗೆ ಎಂಥ ಅಪಾಯ ಕುಳಿತಿದೆ ಎಂದು ಆ ಪುಣ್ಯಾತ್ಮಳಿಗೆ ಯಾರೂ ಹೇಳಿರಲಿಲ್ಲ.

ಗಂಡ ಹಸನಬ್ಬ ನಲವತ್ತು ವರ್ಷ ಅಕ್ಕಿ ಅಂಗಡಿಯಲ್ಲಿ ನಿಂತೇ ವ್ಯಾಪಾರ ಮಾಡಿದವರು. ಅಂಗಡಿಯನ್ನು ಮಗ ಶಾಹುಲ್‌ನ ಕೈಗೆ ಕೊಡುವ ಹೊತ್ತಿಗೆ ಎಡಮಂಡಿ ಸವೆದು ಹೋಗಿತ್ತು. ಮೀನು ಮಾರುಕಟ್ಟೆಗೆ ನಡೆದು ಹೋಗುವುದು ನಿಂತಿತು. ಮೀನಿನ ಕಿವಿರು ಬಿಡಿಸಿ ನೋಡದೆ ಒಂದು ಬಂಗುಡೆಯನ್ನೂ ಮನೆಗೆ ತಂದವರಲ್ಲ ಅವರು. ಅಂಥವರು ನಾಲ್ಕು ವರ್ಷ ಜಗಲಿಯಲ್ಲಿ ಕೂತು ಸ್ಕೂಟರಿನ ಮೀನಿನವನೊಡನೆ ಜಗಳ ಮಾಡಿದರು. ಆಮೇಲೆ ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಕಂಪ್ಯೂಟರಿನಲ್ಲಿ ಅಳತೆ ನೋಡಿ, ಸವೆದ ಎಲುಬು ಕೆತ್ತಿ, ಲೋಹದ ಹೊಸ ಕೀಲು ಕೂರಿಸಿದರು. ಮರುದಿನವೇ ಎಬ್ಬಿಸಿ ನಿಲ್ಲಿಸಿದರು. ಎರಡು ತಿಂಗಳು ಆಗುವಷ್ಟರಲ್ಲಿ ಹಸನಬ್ಬ ಕೈಚೀಲ ಹಿಡಿದು ಮಾರುಕಟ್ಟೆಗೆ ನಡೆದು ಹೋಗಿ ಬೂತಾಯಿ ತಂದರು. ನಡೆದ ಖುಷಿಯಲ್ಲಿ ಕಿವಿರು ನೋಡಲು ಮರೆತಿದ್ದರು. ಅರ್ಧಕ್ಕರ್ಧ ಮೀನು ಮೆತ್ತಗಾಗಿತ್ತು. ಖತೀಜಮ್ಮ ಅದನ್ನೇ ಹುರಿದು ಬಡಿಸಿದರು, ಇಂಥ ಮೀನು ತಿನ್ನದೆ ನಾಲ್ಕು ವರ್ಷವಾಯಿತು ಎಂದರು.

ಆರನೆಯ ತಿಂಗಳಲ್ಲಿ ಆ ಹೊಸ ಮಂಡಿ ಊದಿಕೊಂಡಿತು. ಮುಟ್ಟಿದರೆ ಬಿಸಿ, ಸಂಜೆಗೆ ಸಣ್ಣ ಜ್ವರ. ಡಬ್ಬಿ ಇಳಿಯಿತು. ಗುಲಾಬಿ ಮಾತ್ರೆ ಎರಡು ದಿನ ಕೊಟ್ಟಾಗ ಬಿಸಿ ಇಳಿಯಿತು, ಖತೀಜಮ್ಮ ನಿಲ್ಲಿಸಿದರು. ನಾಲ್ಕು ದಿನ ಬಿಟ್ಟು ಬಾವು ಮತ್ತೆ ಬಂತು. ಈ ಸಲ ಬಿಳಿಯದು ಕೊಟ್ಟರು. ಹನ್ನೆರಡನೆಯ ದಿನ ಶಾಹುಲ್ ಬಾಪನ ಕಾಲು ನೋಡಿ ಗಾಬರಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದ.

ಕೀಲಿನ ಡಾಕ್ಟರು ಒಬ್ಬ ಹುಡುಗಿ, ತನ್ಮಯಿ ಎಂದು ಹೆಸರು. ಕಾವೂರಿನ ಕಡೆಯವರು, ತಂದೆ ತ್ರಿವಿಕ್ರಮ ಭಟ್ಟರು ದೇವಸ್ಥಾನದ ಅರ್ಚಕರು. ಮುಖದಲ್ಲಿ ನಗು ಕಡಿಮೆ, ಕೈ ಮಾತ್ರ ಹಗುರ. ಮಂಡಿಗೆ ಸೂಜಿ ಚುಚ್ಚಿ ಕದಡಿದ ನೀರಿನಂಥದ್ದನ್ನು ಎಳೆದು ಲ್ಯಾಬಿಗೆ ಕಳಿಸಿದರು.

"ಒಳಗೆ ಸೋಂಕು ಆಗಿದೆ. ಯಾವ ರೋಗಾಣು ಅಂತ ಮೊದಲು ಗೊತ್ತಾಗ್ಬೇಕು. ಲ್ಯಾಬಿನಲ್ಲಿ ಅದನ್ನು ಬೆಳೆಸಿ ನೋಡ್ತಾರೆ. ಅಲ್ಲಿಯ ತನಕ ನೋವಿಗೆ ಮಾತ್ರ ಮದ್ದು, ಬೇರೆ ಎಂತದೂ ಇಲ್ಲ" ಎಂದರು. ಆಮೇಲೆ ಖತೀಜಮ್ಮನ ಕಡೆ ತಿರುಗಿ, "ಮನೆಯಲ್ಲಿ ಆಂಟಿಬಯೋಟಿಕ್ ಎಂತಾದ್ರೂ ಕೊಟ್ಟಿದ್ದೀರಾ ಅಮ್ಮ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೆ" ಎಂದರು ಖತೀಜಮ್ಮ.

ಬಾಯಿಗೆ ಬಂದದ್ದು ಅದೇ. ಪಕ್ಕದಲ್ಲಿ ಮಗ ನಿಂತಿದ್ದ, ಬಾಪನಿಗೆಂದು ಡಬ್ಬಿ ಇಳಿದದ್ದು ಅವನಿಗೆ ಗೊತ್ತಿರಲಿಲ್ಲ. ಹೌದು ಎಂದರೆ ಎಲ್ಲಿಯ ಮಾತ್ರೆ ಎಂದು ಕೇಳುತ್ತಾರೆ, ದಮ್ಮಾಮಿನಲ್ಲಿರುವ ಶೈಮಾಳ ಹೆಸರು ಬರುತ್ತದೆ. ಹನ್ನೆರಡು ವರ್ಷದಿಂದ ಓಣಿಗೇ ಮದ್ದು ಕೊಟ್ಟವಳು ಮಗಳ ಪ್ರಾಯದ ಹುಡುಗಿಯೆದುರು ಕೈ ಕಟ್ಟಿ ನಿಲ್ಲಬೇಕಾಗುತ್ತದೆ. ಒಂದು ಸಣ್ಣ ಸುಳ್ಳು ತಾನೇ ಎಂದುಕೊಂಡರು.

ಆದರೆ ಸುಳ್ಳು ಅಲ್ಲಿಗೆ ನಿಲ್ಲಲಿಲ್ಲ. ಎರಡು ದಿನ, ಮೂರು ದಿನ ಕಳೆದರೂ ಆಸ್ಪತ್ರೆಯವರು ಮದ್ದನ್ನೇ ಶುರು ಮಾಡಲಿಲ್ಲ. ಬರೀ ಜ್ವರ ಅಳೆಯುವುದು, ಬರೆದುಕೊಳ್ಳುವುದು. ಇವರು ನೋವಿನಲ್ಲಿ ಹಲ್ಲು ಕಚ್ಚಿ ಮಲಗಿದ್ದಾರೆ, ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಕೊಡಲು ಒಂದು ಮಾತ್ರೆ ಇಲ್ಲವೇ! ಖತೀಜಮ್ಮನಿಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ಮನೆಯಿಂದ ಫ್ಲಾಸ್ಕಿನಲ್ಲಿ ಚಹಾ, ಬಟ್ಟೆಯಲ್ಲಿ ಸುತ್ತಿದ ಪತ್ತಿರ್ ತರುತ್ತಿದ್ದರು. ಆ ಅಕ್ಕಿರೊಟ್ಟಿಯ ಮಡಿಕೆಯಲ್ಲಿ ಒಂದು ಮಾತ್ರೆ. ನರ್ಸ್ ರೊಸಾಲಿನ್ ವಾರ್ಡಿನ ಆ ತುದಿಗೆ ಹೋದಾಗ ಅದು ಹಸನಬ್ಬರ ಬಾಯಿ ಸೇರುತ್ತಿತ್ತು. ಹಸನಬ್ಬ ಏನೂ ಕೇಳುತ್ತಿರಲಿಲ್ಲ, ನುಂಗುತ್ತಿದ್ದರು.

ಲ್ಯಾಬಿನ ವರದಿ ಬಂತು. ಏನೂ ಬೆಳೆದಿಲ್ಲ. ಇನ್ನೊಮ್ಮೆ ಸೂಜಿ ಚುಚ್ಚಿ ಕಳಿಸಿದರು. ಆಗಲೂ ಏನೂ ಬೆಳೆಯಲಿಲ್ಲ.

ಶುಕ್ರವಾರ ತನ್ಮಯಿ ಡಾಕ್ಟರು ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತರು. ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರೆ ಒಳ್ಳೆಯ ಸುದ್ದಿ ಇರುವುದಿಲ್ಲ ಎಂಬುದು ಆಸ್ಪತ್ರೆಯಲ್ಲಿ ನಾಲ್ಕು ದಿನ ಕಳೆದವರಿಗೆಲ್ಲ ಗೊತ್ತು.

"ನೋಡಿ, ಒಳಗೆ ಕಳ್ಳ ಇದ್ದಾನೆ ಅಂತ ಗೊತ್ತುಂಟು, ಆದ್ರೆ ಮುಖ ಕಾಣುದಿಲ್ಲ. ಯಾರು ಅಂತ ಗೊತ್ತಿಲ್ಲದೆ ಯಾವ ಮದ್ದು ಕೊಡ್ಲಿ? ಇನ್ನು ಕಾದ್ರೆ ಕಾಲಿಗೇ ಅಪಾಯ. ಸೋಮವಾರ ಆ ಕೀಲನ್ನು ತೆಗಿಬೇಕಾಗ್ತದೆ. ತಿಂಗಳುಗಟ್ಟಲೆ ಕಾಲು ಊರುವ ಹಾಗಿಲ್ಲ. ಆಮೇಲೆ ಇನ್ನೊಂದು ಕೀಲು ಹಾಕ್ಲಿಕ್ಕೆ ಆಗ್ತದಾ, ನೋಡ್ಬೇಕು. ಗ್ಯಾರಂಟಿ ಇಲ್ಲ."

ಶಾಹುಲ್ ಗೋಡೆಗೆ ಒರಗಿದ. ಡಾಕ್ಟರು ಹಸನಬ್ಬರ ಕೈ ಹಿಡಿದು, "ಕಡೆಯ ಸಲ ಕೇಳ್ತೇನೆ. ಮದ್ದು ಹೊಟ್ಟೆಗೆ ಹೋಗ್ತಾ ಇದ್ರೆ ರೋಗಾಣು ಅಡಗಿ ಕೂತ್ಕೊಳ್ತದೆ, ಲ್ಯಾಬಿನಲ್ಲಿ ಬೆಳೆಯುದಿಲ್ಲ. ನೀವು ಎಂತಾದ್ರೂ ತಗೊಂಡಿದ್ದೀರಾ?" ಎಂದು ಕೇಳಿದರು.

ಖತೀಜಮ್ಮ ಒಂದು ಹೆಜ್ಜೆ ಮುಂದೆ ಬಂದರು. ಮಾತು ಹೊರಡುವ ಮೊದಲೇ ಹಸನಬ್ಬ ಹೇಳಿದರು: "ಇಲ್ಲ ಡಾಕ್ಟ್ರೆ. ನನ್ನ ಹೆಂಡತಿ ಹಾಗೆಲ್ಲ ಕೊಡುವವಳಲ್ಲ."

ಡಾಕ್ಟರು ಎದ್ದು ಹೋದರು, ಅವರ ಹಿಂದೆಯೇ ಶಾಹುಲ್. ಖತೀಜಮ್ಮ ಮಂಚದ ಕಂಬಿ ಹಿಡಿದು ನಿಂತಿದ್ದರು.

"ಯಾಕೆ ಸುಳ್ಳು ಹೇಳಿದ್ದು ನೀವು?"

"ಮತ್ತೆ ಎಂತ ಮಾಡುದು? ಮಗ ಇದ್ದ, ಸಿಸ್ಟರ್ ಇದ್ದರು. ಎಲ್ಲರ ಎದುರು ನಿನ್ನ ಮರ್ಯಾದೆ ತೆಗಿಯುದಾ?"

"ಮಾತ್ರೆ ಅಂತ ನಿಮಗೆ ಗೊತ್ತಿತ್ತಾ?"

"ರೊಟ್ಟಿಯಲ್ಲಿ ಕಹಿ ಇರ್ತದಾ ಖತೀಜಾ?" ಹಸನಬ್ಬ ನಕ್ಕರು. "ನೀನು ಕೊಟ್ಟದ್ದು, ನುಂಗಿದೆ. ಕಾಲು ಹೋದ್ರೆ ಹೋಗ್ಲಿ ಬಿಡು. ಮೀನು ಸ್ಕೂಟರಿನವ ತರ್ತಾನೆ."

ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಖತೀಜಮ್ಮ ಎಷ್ಟೋ ಸಲ ಅತ್ತಿದ್ದುಂಟು. ಆದರೆ ಆ ಮಾತು ಕೇಳಿ ಅಳುವುದಕ್ಕೂ ಆಗಲಿಲ್ಲ. ಒಂದು ಕಾಲನ್ನೇ ತನ್ನ ಮರ್ಯಾದೆಯ ಬದಲಿಗೆ ಕೊಡಲು ಹೊರಟ ಈ ಮನುಷ್ಯನ ಎದುರು ಆ ಮರ್ಯಾದೆ ಎಷ್ಟು ಸಣ್ಣದಾಗಿ ಕಂಡಿತೆಂದರೆ, ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು. ಬುರ್ಖಾ ಸರಿ ಮಾಡಿಕೊಂಡು ಹೊರಗೆ ಬಂದು ಸುರತ್ಕಲ್ ಬಸ್ಸು ಹತ್ತಿದರು. ಮನೆಯಲ್ಲಿ ಸ್ಟೂಲ್ ಹಾಕಿ ಡಬ್ಬಿ ಇಳಿಸಿದರು. ಬಾಗಿ ಬೇಲಿಯ ಆಚೆಯಿಂದ, "ಯಾರಿಗೆ ಜ್ವರ ಖತೀಜಕ್ಕ, ಡಬ್ಬಿ ತಗೊಂಡು ಹೊರಟದ್ದು?" ಎಂದಳು.

"ನನಗೇ ಬಾಗೀ" ಎಂದು ಹೇಳಿ ಖತೀಜಮ್ಮ ಅದೇ ಬಸ್ಸು ಹಿಂದಿರುಗುವಾಗ ಹತ್ತಿದರು. ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುವ ಹಾಗೆ, ಬಸ್ಸಿನವರೆಲ್ಲ ಆ ಡಬ್ಬಿಯನ್ನೇ ನೋಡುತ್ತಿದ್ದಾರೆ ಎಂದು ಅವರಿಗೆ ಅನ್ನಿಸುತ್ತಿತ್ತು.

ತನ್ಮಯಿ ಡಾಕ್ಟರು ತಮ್ಮ ಕೋಣೆಯಲ್ಲಿ ರೊಸಾಲಿನ್ ಜೊತೆ ಸೋಮವಾರದ ಆಪರೇಷನ್ನಿನ ಕಾಗದ ನೋಡುತ್ತಿದ್ದರು. ಖತೀಜಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು.

"ನಾನು ಕೊಟ್ಟಿದ್ದೇನೆ ಡಾಕ್ಟ್ರೆ. ಮನೆಯಲ್ಲೂ ಕೊಟ್ಟಿದ್ದೇನೆ, ಇಲ್ಲಿಯೂ ದಿನಾ ಕೊಟ್ಟಿದ್ದೇನೆ. ಇವರು ನನ್ನನ್ನು ಉಳಿಸ್ಲಿಕ್ಕೆ ಸುಳ್ಳು ಹೇಳಿದ್ದು. ಅವರ ಕೀಲು ತೆಗಿಬೇಡಿ."

"ಅಯ್ಯೋ ದೇವಾ!" ರೊಸಾಲಿನ್ ಹಣೆ ಬಡಿದುಕೊಂಡರು. "ಎಂತ ಖತೀಜಮ್ಮ ನೀವು! ದಿನಾ ಬೆಳಿಗ್ಗೆ ಕೇಳ್ತಿದ್ದೆ ಅಲ್ವಾ ನಾನು? ಪತ್ತಿರ್ ಮಾತ್ರ ಸಿಸ್ಟರ್, ಪತ್ತಿರ್ ಮಾತ್ರ ಅಂತ ಹೇಳಿದ್ದಲ್ವಾ?"

ಡಾಕ್ಟರು ಕೈ ಎತ್ತಿ ಅವರನ್ನು ಸುಮ್ಮನಾಗಿಸಿದರು. ಒಂದೊಂದೇ ಹಾಳೆ ತೆಗೆದು ಹಿಂಬದಿ ಓದಿದರು. ಯಾವುದು, ಎಷ್ಟು, ಯಾವಾಗ ಎಂದು ಕೇಳಿದರು. ಖತೀಜಮ್ಮ ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದರು. ಊದಿದ ದಿನ ಸಂಜೆ ಗುಲಾಬಿ ಒಂದು, ಮರುದಿನ ಎರಡು. ನಾಲ್ಕು ದಿನ ಬಿಟ್ಟು ಬಿಳಿ, ದಿನಕ್ಕೆ ಎರಡರಂತೆ ಮೂರು ದಿನ. ಆಸ್ಪತ್ರೆಗೆ ಬಂದ ಮೂರನೆಯ ಬೆಳಿಗ್ಗೆಯಿಂದ ಬಿಳಿ ಒಂದೊಂದು, ನಿನ್ನೆ ಮಾತ್ರ ಗುಲಾಬಿ. ಕಳೆದ ವರ್ಷ ಹಲ್ಲುನೋವಿಗೆ, ಅದರ ಹಿಂದಿನ ವರ್ಷ ಕೆಮ್ಮಿಗೆ ಕೊಟ್ಟದ್ದೂ ಬಂತು. ಡಾಕ್ಟರ ಪೆನ್ನಿಗೆ ಓಡಿ ಸಾಕಾಯಿತು.

ಬರೆದು ಮುಗಿಸಿ ಅವರು ಪೆನ್ನು ಮುಚ್ಚಿ ಕೆಳಗಿಟ್ಟರು. ಬೈಗುಳ ಈಗ ಬರುತ್ತದೆ ಎಂದು ಖತೀಜಮ್ಮ ತಲೆ ತಗ್ಗಿಸಿದರು.

"ನಮ್ಮ ಅಪ್ಪನಿಗೆ ಬಿಪಿ ಉಂಟು" ಎಂದರು ಡಾಕ್ಟರು. "ಏಕಾದಶಿ ದಿವಸ ಮಾತ್ರೆ ಮುಟ್ಟುದಿಲ್ಲ. ಉಪವಾಸಕ್ಕೆ ಭಂಗ ಅಂತೆ. ಮರುದಿನ ತಲೆ ತಿರುಗಿ ಕೂತ್ಕೊಳ್ತಾರೆ, ಕೇಳಿದ್ರೆ ಮಾತ್ರೆ ತಗೊಂಡಿದ್ದೇನೆ ಅಂತ ಸುಳ್ಳು. ಮಗಳು ಡಾಕ್ಟರ್ ಆಗಿ ಎಂತ ಪ್ರಯೋಜನ ಹೇಳಿ? ನೀವಾದ್ರೂ ಬಂದು ಹೇಳಿದ್ರಿ. ಇದು ಸೋಮವಾರದ ಮೊದಲು ಗೊತ್ತಾದದ್ದು ನನ್ನ ಪುಣ್ಯ."

ಸೋಮವಾರದ ಆಪರೇಷನ್ ರದ್ದಾಯಿತು. ಡಬ್ಬಿಯ ಮಾತ್ರೆಯೆಲ್ಲ ಆಸ್ಪತ್ರೆಯಲ್ಲೇ ಉಳಿಯಿತು, ಖಾಲಿ ಡಬ್ಬಿ ಖತೀಜಮ್ಮನ ಕೈಗೆ ಬಂತು. ಹಸನಬ್ಬರನ್ನು ಮನೆಗೆ ಕಳಿಸಿದರು. ಮಾತ್ರೆಯ ಅಂಶ ಮೈಯಿಂದ ಇಳಿದು ರೋಗಾಣು ತಲೆ ಎತ್ತುವ ತನಕ, ಹತ್ತು ದಿನ ಏನೇನೂ ಕೊಡಬಾರದು, ದಿನಕ್ಕೆ ಮೂರು ಸಲ ಜ್ವರ ಅಳೆದು ಫೋನ್ ಮಾಡಬೇಕು, ಜಾಸ್ತಿಯಾದರೆ ಕೂಡಲೇ ಬರಬೇಕು.

ಕೊಡುವುದು ಸುಲಭ, ಕೊಡದೆ ಕೂರುವುದು ಎಷ್ಟು ಕಷ್ಟ ಎಂದು ಖತೀಜಮ್ಮನಿಗೆ ಆ ಹತ್ತು ದಿನದಲ್ಲಿ ತಿಳಿಯಿತು. ಮಂಡಿ ಕೆಂಪಾಗುತ್ತಾ ಬಂತು. ಹಸನಬ್ಬ ಮಗ್ಗುಲಾಗಲೂ ಆಗದೆ ನರಳುವಾಗ ಅವರ ಕಣ್ಣು ತಾನಾಗಿ ಕಪಾಟಿನ ಮೇಲೆ ಹೋಗುತ್ತಿತ್ತು. ತಣ್ಣೀರಿನ ಬಟ್ಟೆ ಹಣೆಗಿಟ್ಟು, ನಮಾಜಿನ ಚಾಪೆಯ ಮೇಲೆ ಕೂತು, ಅಲ್ಲಾಹನೇ, ಆ ಹುಳ ಒಮ್ಮೆ ಮುಖ ತೋರಿಸಲಿ ಎಂದು ಬೇಡುತ್ತಿದ್ದರು. ರೋಗಾಣು ಬೆಳೆಯಲಿ ಎಂದು ದುವಾ ಮಾಡಿದ ಹೆಂಡತಿ ಇಡೀ ಕರಾವಳಿಯಲ್ಲಿ ಅವರೊಬ್ಬರೇ ಇರಬೇಕು.

ಬೆಳೆಯಿತು. ಮತ್ತೆ ಸೂಜಿ ಚುಚ್ಚಿ ತೆಗೆದದ್ದರಲ್ಲಿ ಮೂರನೆಯ ದಿನ ಅದು ಸಿಕ್ಕಿಬಿತ್ತು. ವರದಿ ಹಿಡಿದು ತನ್ಮಯಿ ಡಾಕ್ಟರು ವಿವರಿಸಿದರು. ಗುಲಾಬಿ ಮಾತ್ರೆಗೆ ಈ ರೋಗಾಣು ಹೆದರುವುದೇ ಇಲ್ಲ, ಅದಕ್ಕೆ ಅಭ್ಯಾಸವಾಗಿ ಹೋಗಿದೆ. ಬಿಳಿಯದಕ್ಕೆ ಅರ್ಧ ಹೆದರಿ ಅಡಗಿತ್ತು. ಪೂರ್ತಿ ಸಾಯಿಸದೆ ನಡುವೆ ಬಿಟ್ಟದ್ದಕ್ಕೆ ಹೀಗೆ ಆಗುವುದು. ಬದುಕಿ ಉಳಿದದ್ದು ಮದ್ದನ್ನು ಗೆಲ್ಲಲು ಕಲಿಯುತ್ತದೆ.

"ಇವರಲ್ಲಿ ಮಾತ್ರ ಅಲ್ಲ, ಎಲ್ಲ ಕಡೆ ಹೀಗೆ ಆಗ್ತಾ ಉಂಟು. ಹೊಸ ಕೀಲು ಮಾಡ್ಲಿಕ್ಕೆ ನಮಗೆ ಗೊತ್ತುಂಟು, ಆದ್ರೆ ಈ ಸಣ್ಣ ಹುಳದ ಎದುರು ನಮ್ಮ ಹತ್ತಿರ ಇರುವ ಮದ್ದು ಒಂದೊಂದೇ ಕಡಿಮೆಯಾಗ್ತಾ ಉಂಟು. ಪುಣ್ಯಕ್ಕೆ ಇದಕ್ಕೆ ಇನ್ನೂ ಎರಡು ಮದ್ದು ಉಳಿದಿದೆ."

ಮಂಡಿ ತೆರೆದು ತೊಳೆದರು, ಒಳಗಿನ ಪ್ಲಾಸ್ಟಿಕ್ಕಿನ ತುಂಡು ಬದಲಾಯಿಸಿದರು. ಲೋಹದ ಕೀಲು ಗಟ್ಟಿಯಾಗಿ ಕೂತಿತ್ತು, ಅದನ್ನು ಹಾಗೇ ಉಳಿಸಿದರು. ಮೊದಲು ಡ್ರಿಪ್ಪಿನಲ್ಲಿ, ಆಮೇಲೆ ಬಾಯಿಗೆ ಮೂರು ತಿಂಗಳ ಮದ್ದು: ಒಂದು ಕೆಂಪು ಕ್ಯಾಪ್ಸೂಲು, ಜೊತೆಗೆ ಇನ್ನೊಂದು ಮಾತ್ರೆ. ಕೀಲು ಉಳಿಯುತ್ತದೋ ಇಲ್ಲವೋ ಮೂರು ತಿಂಗಳು ಕಳೆದ ಮೇಲೆ ಹೇಳುತ್ತೇನೆ ಎಂದರು ಡಾಕ್ಟರು.

"ಒಂದು ದಿವಸ ಕೂಡ ತಪ್ಪಬಾರದು. ಮತ್ತೆ, ಈ ಕೆಂಪು ಕ್ಯಾಪ್ಸೂಲಿನಿಂದ ಮೂತ್ರ, ಬೆವರು, ಕಣ್ಣೀರು ಎಲ್ಲ ಕಿತ್ತಳೆ ಬಣ್ಣ ಆಗ್ತದೆ. ಹೆದರ್ಬೇಡಿ."

ಮನೆಗೆ ಬಂದ ಮೊದಲ ವಾರ ಖತೀಜಮ್ಮ ಬಟ್ಟೆ ಒಗೆಯುವಾಗ ಹಸನಬ್ಬರ ಬಿಳಿ ಕರ್ಚೀಫಿನಲ್ಲಿ ಕಿತ್ತಳೆ ಕಲೆ ಕಂಡರು. ಮರುದಿನ ಇನ್ನೊಂದು. ದಿಂಬಿನ ಬಟ್ಟೆಯ ಒಂದು ಮೂಲೆಯಲ್ಲಿಯೂ ಕಲೆ.

"ಎಂತ ಇದು, ಅಳುದಾ ನೀವು?"

"ಛೆ, ಬೆವರು ಮಾರಾಯ್ತಿ" ಎಂದು ಹಸನಬ್ಬ ಗೋಡೆಯ ಕಡೆ ತಿರುಗಿದರು.

ಫ್ಯಾನಿನ ಕೆಳಗೆ ಮಲಗಿದವರಿಗೆ ಎಂಥ ಬೆವರು! ಸ್ಕೂಟರಿನವ ಮೀನು ತರುತ್ತಾನೆ ಎಂದು ನಗುತ್ತಾ ಹೇಳಿದ ಮನುಷ್ಯ ಕಾಲಿನ ಚಿಂತೆಯಲ್ಲಿ ಒಬ್ಬರೇ ಅಳುತ್ತಿದ್ದಾರೆ ಎಂದು ಖತೀಜಮ್ಮನಿಗೆ ತಿಳಿದುಹೋಯಿತು. ಆದರೆ ಅವರು ತನಗಾಗಿ ಒಂದು ಸುಳ್ಳು ಹೇಳಿದವರು. ಈಗ ಅವರ ಈ ಸುಳ್ಳನ್ನು ತಾನು ನಂಬಬೇಕು. ಕರ್ಚೀಫು ಸೋಪು ಹಾಕಿ ತಿಕ್ಕಿದರು, ಮತ್ತೆ ಆ ಮಾತು ಎತ್ತಲಿಲ್ಲ.

ಐದನೆಯ ವಾರ ಬಾವು ಪೂರ್ತಿ ಇಳಿಯಿತು. ಜ್ವರದ ಸುಳಿವಿಲ್ಲ, ವಾಕರ್ ಹಿಡಿದು ಜಗಲಿಯ ತನಕ ನಡೆಯುತ್ತಾರೆ. ಕ್ಯಾಪ್ಸೂಲಿನಿಂದ ಹಸಿವೆ ಸತ್ತು ಹೋಗಿ ಸೊರಗಿದ್ದಾರೆ. ಒಂದು ಬೆಳಿಗ್ಗೆ ಖತೀಜಮ್ಮನ ಕೈ ಮಾತ್ರೆಯ ಹಾಳೆ ಹಿಡಿದು ಹಾಗೇ ನಿಂತಿತು. ಗುಣವಾದ ಮೇಲೂ ಮದ್ದು ತಿನ್ನಿಸುವುದು ಅವರ ಹನ್ನೆರಡು ವರ್ಷದ ನಿಯಮಕ್ಕೆ ವಿರುದ್ಧ. ಇನ್ನು ಇಷ್ಟೆಲ್ಲ ಯಾಕೆ ಎಂದು ಒಳಗಿನಿಂದ ಯಾರೋ ಕೇಳಿದರು. ಬದುಕಿ ಉಳಿದದ್ದು ಕಲಿಯುತ್ತದೆ ಎಂದ ಡಾಕ್ಟರ ಮಾತು ನೆನಪಾಯಿತು. ಹಾಳೆ ಒತ್ತಿ ಕ್ಯಾಪ್ಸೂಲು ಹೊರಗೆ ತೆಗೆದು, ಅವರು ನುಂಗುವ ತನಕ ಎದುರು ನಿಂತರು. ಖಾಲಿ ಹಾಳೆಯನ್ನು ನೀಲಿ ಡಬ್ಬಿಗೆ ಹಾಕಿದರು.

ಅದೇ ದಿನಗಳಲ್ಲಿ ಬಾಗಿ ಮೊಮ್ಮಗಳಿಗೆ ಜ್ವರವೆಂದು ಬಂದಳು. "ಎರಡು ಗುಲಾಬಿ ಕೊಡಿ ಖತೀಜಕ್ಕ."

"ಇಲ್ಲ ಬಾಗೀ. ಇನ್ನು ಕೊಡುದಿಲ್ಲ. ಬಾ, ನಾನೇ ಕ್ಲಿನಿಕ್ಕಿಗೆ ಬರ್ತೇನೆ, ಟೋಕನ್ ತೆಗಿಯುವ" ಎಂದು ಚಪ್ಪಲಿ ಮೆಟ್ಟಿದರು. ಖತೀಜಮ್ಮನಿಗೆ ಜಂಬ ಬಂದಿದೆ ಎಂದು ಓಣಿ ಸ್ವಲ್ಪ ದಿನ ಮಾತಾಡಿಕೊಂಡಿತು. ಅದು ಅವರ ಕಿವಿಗೂ ಬಿತ್ತು, ನೋವೂ ಆಯಿತು. ಶೈಮಾ ಫೋನಿನಲ್ಲಿ, "ಉಮ್ಮಾ, ಈ ಸಲ ಎಂತ ಕಳಿಸ್ಲಿ?" ಎಂದು ಕೇಳಿದಾಗ, "ಖರ್ಜೂರ ಸಾಕು ಮಗಳೇ" ಎಂದರು.

ಮೂರು ತಿಂಗಳ ಮದ್ದು ಮುಗಿದು ಒಂದು ವಾರ ಕಳೆದ ಮೇಲೆ ಡಾಕ್ಟರ ಕೋಣೆಯಲ್ಲಿ ಗಂಡಹೆಂಡತಿ ಇಬ್ಬರೂ ಕೂತರು. ಖತೀಜಮ್ಮ ಡಬ್ಬಿ ತೆರೆದು ಮೇಜಿನ ಮೇಲೆ ಸುರಿದರು. ಖಾಲಿ ಹಾಳೆಗಳು, ಒಂದರ ಮೇಲೊಂದು.

"ನೋಡಿ ಡಾಕ್ಟ್ರೆ. ಒಂದೂ ಉಳಿಸ್ಲಿಲ್ಲ."

ತನ್ಮಯಿ ಡಾಕ್ಟರು ಹಾಳೆಗಳನ್ನು ಬೆರಳಿನಿಂದ ಸರಿಸಿ ನೋಡಿದರು. ಆ ನಗು ಕಡಿಮೆಯ ಮುಖ ಮೊದಲ ಸಲ ಅರಳಿತು. "ಒಮ್ಮೆ ಕಾವೂರಿಗೆ ಬನ್ನಿ ಅಮ್ಮ, ನಮ್ಮ ಅಪ್ಪನಿಗೂ ಸ್ವಲ್ಪ ಹೇಳಿ" ಎಂದರು. ಆಮೇಲೆ ರಕ್ತದ ವರದಿ ನೋಡಿದರು, ಎಕ್ಸ್‌ರೇ ನೋಡಿದರು, ಮಂಡಿ ಮಡಿಸಿ ಬಿಡಿಸಿ ನೋಡಿದರು.

"ಸೋಂಕು ಕಾಣುದಿಲ್ಲ. ಕೀಲು ಚೆನ್ನಾಗಿ ಉಂಟು. ಇನ್ನೂ ಎರಡು ವರ್ಷ ಕಣ್ಣಿಟ್ಟಿರ್ಬೇಕು, ಅದು ಬೇರೆ ವಿಷಯ. ಆದ್ರೆ ಈಗ ಕೀಲು ತೆಗಿಯುವ ಅಗತ್ಯ ಇಲ್ಲ. ನಡೀಬಹುದು ಹಸನಬ್ಬರೇ."

"ಮೀನು ಮಾರ್ಕೆಟಿಗೆ?" ಎಂದರು ಹಸನಬ್ಬ.

"ಮೀನು ಮಾರ್ಕೆಟಿಗೂ. ಜಾರದ ಹಾಗೆ ನೋಡ್ಕೊಳ್ಳಿ."

ಹಸನಬ್ಬ ಕಿಸೆಯಿಂದ ಕರ್ಚೀಫು ತೆಗೆದು ಮುಖ ಒರೆಸಿಕೊಂಡರು, ಮತ್ತೆ ಮತ್ತೆ ಒರೆಸಿಕೊಂಡರು. ಖತೀಜಮ್ಮ ಕೈ ಚಾಚಿ ಅದನ್ನು ಕಿತ್ತುಕೊಂಡು ಬಿಡಿಸಿ ಬೆಳಕಿಗೆ ಹಿಡಿದರು. ಪೂರಾ ಒದ್ದೆ. ಕಿತ್ತಳೆಯ ಒಂದು ಚುಕ್ಕೆಯೂ ಇಲ್ಲ, ಬೆಳ್ಳಗೆ ಇದೆ.

"ಬೆವರು ಮಾರಾಯ್ತಿ" ಎಂದರು ಹಸನಬ್ಬ.

"ಹೌದು" ಎಂದರು ಖತೀಜಮ್ಮ, ಮತ್ತು ಅದೇ ಕರ್ಚೀಫಿನಿಂದ ತಮ್ಮ ಕಣ್ಣನ್ನೂ ಒರೆಸಿಕೊಂಡರು. "ಏಳಿ, ಹೋಗುವಾಗ ಬೂತಾಯಿ ತಗೊಳ್ಳುವ. ಈ ಸಲ ಕಿವಿರು ಬಿಡಿಸಿ ನೋಡಿ."